ಕೂಗದ ಕುಕ್ಕರ್

ನಮ್ಮ ಮನೆಗೆ ದೊಡ್ಡ ಟಿ.ವಿ. ಬಂದ ದಿನ ಯಾರೂ ಯಾರನ್ನೂ ಕೇಳಲಿಲ್ಲ. ನಾನು ಗುಬ್ಬಿಯ ಶಾಲೆಯಲ್ಲಿ ಪಾಠ ಮುಗಿಸಿ ಮನೆಗೆ ಬರುವಷ್ಟರಲ್ಲಿ ಅದು ನಡುಮನೆಯ ಗೋಡೆ ಹತ್ತಿ ಕೂತಿತ್ತು. ಹಳೆಯದು ಕೆಟ್ಟಿತ್ತೇ ಎಂದರೆ ಇಲ್ಲ, ಕ್ರಿಕೆಟ್ ಚೆಂಡು ಸಣ್ಣದಾಗಿ ಕಾಣುತ್ತಿತ್ತಂತೆ. ಮಗ ಬೈಕು ಬದಲಾಯಿಸಿದ್ದು ನನಗೆ ಗೊತ್ತಾದದ್ದು ಗೇಟಿನ ಹತ್ತಿರ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾಗಿದ್ದ ನಿಂಬೆಹಣ್ಣು ನೋಡಿ. ಇಂಥ ಮನೆಯಲ್ಲಿ ನಾನು ಒಂದು ಭಾನುವಾರ ಕಾಫಿ ಕುಡಿಯುತ್ತಾ, "ಒಂದು ಸ್ಲೋ ಕುಕ್ಕರ್ ತಗೊಳ್ಳೋಣ ಅಂತಿದೀನಿ" ಎಂದೆ. ಅಷ್ಟೇ ನೋಡಿ, ಕಮಿಟಿ ಕೂತುಬಿಟ್ಟಿತು.

ಕಮಿಟಿ ಎಂದರೆ ಮೂರು ಜನ. ಮುಂದಿನ ವರ್ಷ ರಿಟೈರ್ ಆಗಲಿರುವ ಯಜಮಾನರು, ವಾಹನದ ಶೋರೂಮಿನಲ್ಲಿ ಕೆಲಸ ಮಾಡುವ ಇಪ್ಪತ್ತೈದರ ಮಗ, ಮಂಡಿ ನೋವಿನ ನಮ್ಮತ್ತೆ.

"ಅದೇನ್ ಮಾಡುತ್ತೆ?" ಎಂದರು ಯಜಮಾನರು.

ಹೇಳಿದೆ. ಕರೆಂಟಿನಲ್ಲಿ ನಡೆಯುತ್ತದೆ, ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಬೆಳಿಗ್ಗೆ ಕಾಳು, ಮಸಾಲೆ, ನೀರು ಹಾಕಿ ಹೋದರೆ ಸಣ್ಣ ಶಾಖದಲ್ಲಿ ತನ್ನ ಪಾಡಿಗೆ ತಾನು ಬೇಯುತ್ತಿರುತ್ತದೆ. ತಳ ಹಿಡಿಯುವುದಿಲ್ಲ, ಉಕ್ಕುವುದಿಲ್ಲ, ಪಕ್ಕದಲ್ಲಿ ಯಾರೂ ನಿಂತಿರಬೇಕಿಲ್ಲ. ಸಂಜೆ ಬರುವಷ್ಟರಲ್ಲಿ ಸಾರು ಆಗಿರುತ್ತದೆ.

"ದಿನಪೂರ್ತಿ ಕರೆಂಟ್ ಉರಿಯುತ್ತಾ? ಫ್ರೀ ಯೂನಿಟ್ಟು ದಾಟಿದ್ರೆ ಪೂರ್ತಿ ಬಿಲ್ ಬರುತ್ತೆ ಕಣೇ. ಕುಕ್ಕರ್ ಐತಲ್ಲ, ನಾಲ್ಕು ಕೂಗು ಕೂಗಿಸಿದ್ರೆ ಮುಗೀತು."

ಇದನ್ನು ಹೇಳುವಾಗ ಅವರ ಹಿಂದೆ ಆ ದೊಡ್ಡ ಟಿ.ವಿ. ಯಾರೂ ನೋಡದೆ ತನ್ನಷ್ಟಕ್ಕೆ ಓಡುತ್ತಿತ್ತು.

ನನಗೆ ಸ್ಲೋ ಕುಕ್ಕರ್ ಬೇಕಾದದ್ದು ಅಡುಗೆಯ ಷೋಕಿಗಲ್ಲ. ನನ್ನ ಬಲ ಹೆಗಲು ಹಿಡಿದುಕೊಂಡು ಆಗಲೇ ಐದು ತಿಂಗಳಾಗಿತ್ತು. ಡಾಕ್ಟರ ಬಾಯಲ್ಲಿ ಅದು ಫ್ರೋಜನ್ ಶೋಲ್ಡರ್. ನಾನು ಗಣಿತದ ಟೀಚರು. ಬೋರ್ಡಿನ ಮೇಲಿನ ಅರ್ಧಕ್ಕೆ ನನ್ನ ಕೈ ಹೋಗುತ್ತಿರಲಿಲ್ಲ. ಎದೆಮಟ್ಟದಿಂದ ಕೆಳಗೆ ಬರೆದು, ಒರೆಸಿ, ಮತ್ತೆ ಅಲ್ಲೇ ಬರೆಯುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗಿ ಎದ್ದು, "ಮಿಸ್, ಮೇಲೆ ಬರೀರಿ ಮಿಸ್, ನಮಗೆ ಕಾಣಲ್ಲ" ಎಂದಾಗ ಅವಳ ಮೇಲೆ ರೇಗಿದ್ದೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಕೂತು ನನ್ನ ಮೇಲೇ ನನಗೆ ಅಸಹ್ಯವಾಯಿತು.

ತುಮಕೂರಿನ ಬಟವಾಡಿಯಲ್ಲಿ, ನಮ್ಮ ಬಾಡಿಗೆ ಮನೆಯಿಂದ ಎರಡು ರಸ್ತೆ ಆಚೆ ಒಂದು ಕ್ಲಿನಿಕ್ ಇದೆ. ಅಲ್ಲಿಗೆ ಫಿಸಿಯೋಥೆರಪಿ ಮಾಡುವವರು ಬರುವುದು ಸಂಜೆ ಆರರಿಂದ ಏಳೂವರೆವರೆಗೆ ಮಾತ್ರ. "ಒಂದು ತಿಂಗಳು ದಿನಾ ಬನ್ನಿ. ಈಗ ಬಿಟ್ಟರೆ ಕೈ ಇಷ್ಟಕ್ಕೇ ನಿಂತುಬಿಡಬಹುದು" ಎಂದು ಅವರು ಖಡಾಖಂಡಿತವಾಗಿ ಹೇಳಿದ್ದರು. ನಾನು ಗುಬ್ಬಿಯಿಂದ ಬಸ್ಸು ಹತ್ತಿ, ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಸಿಟಿ ಬಸ್ಸು ಹಿಡಿದು ಬಟವಾಡಿಗೆ ಬರುವುದೇ ಆರಕ್ಕೆ. ಆ ಹೊತ್ತಿಗೆ ಒಲೆ ಹಚ್ಚಿದರೆ ಎಂಟಕ್ಕೆ ಊಟ. ಹಾಗೂ ಎರಡು ದಿನ ಮೊದಲು ಕ್ಲಿನಿಕ್ಕಿಗೆ ಹೋಗಿ ಆಮೇಲೆ ಒಲೆ ಹಚ್ಚಿದೆ. ಊಟ ಒಂಬತ್ತೂವರೆಯಾಯಿತು. ಯಾರೂ ಏನೂ ಅನ್ನಲಿಲ್ಲ. ಅನ್ನದೆಯೇ ಮೂವರೂ ಮುಖವನ್ನು ಎಷ್ಟು ಉದ್ದ ಮಾಡಿಕೊಳ್ಳಬಹುದೋ ಅಷ್ಟು ಮಾಡಿಕೊಂಡರು. ಮೂರನೆಯ ದಿನ ನಾನು ಕ್ಲಿನಿಕ್ ಬಿಟ್ಟೆ. ಬಿಟ್ಟಿದ್ದಕ್ಕೆ ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟಿದೆ.

ಆ ಸಂಜೆಯ ಒಂದೂವರೆ ಗಂಟೆಯನ್ನು ಹೇಗಾದರೂ ಬಿಡಿಸಿಕೊಳ್ಳಬೇಕಿತ್ತು. ಅದಕ್ಕೇ ಸ್ಲೋ ಕುಕ್ಕರ್.

ಮೂರು ವಾರ ನಾನು ಅದನ್ನು ಪರೀಕ್ಷೆಗೆ ಓದಿದ ಹಾಗೆ ಓದಿದೆ. ಯಾವ್ಯಾವುದೋ ದೇಶದ ಹೆಂಗಸರು ಅದರಲ್ಲಿ ಏನೇನೋ ಬೇಯಿಸಿ, ಮೇಲೆ ಯಾವುದೋ ಸೊಪ್ಪು ಉದುರಿಸಿ, ಕಣ್ಣು ಮುಚ್ಚಿ "ಮ್ಮ್" ಎನ್ನುವ ವಿಡಿಯೋಗಳನ್ನೆಲ್ಲ ನೋಡಿದೆ. ಹುರುಳಿಕಾಳು ಬೇಯಿಸಿದವರು ಒಬ್ಬರೂ ಸಿಗಲಿಲ್ಲ. ತುಮಕೂರಿನ ಒಂದು ದೊಡ್ಡ ಅಂಗಡಿಗೆ ಹೋಗಿ ಕೇಳಿದರೆ, ಅಲ್ಲಿನವನು ಅನ್ನ ಮಾಡುವ ಎಲೆಕ್ಟ್ರಿಕ್ ಕುಕ್ಕರನ್ನು ತಂದು ಮುಂದಿಟ್ಟ.

"ಇದಲ್ಲಪ್ಪಾ, ಸ್ಲೋ ಕುಕ್ಕರ್."

"ಎಲ್ಲಾರೂ ಫಾಸ್ಟ್ ಕೇಳ್ತಾರೆ ಮೇಡಂ, ನೀವು ಸ್ಲೋ ಕೇಳ್ತೀರಲ್ಲ! ಸಾರ್‌ನ ಕರ್ಕೊಂಡ್ ಬನ್ನಿ, ಅವರಿಗೆ ಎಕ್ಸ್‌ಪ್ಲೇನ್ ಮಾಡ್ತೀನಿ."

ಅಡುಗೆ ಮಾಡುವವಳು ನಾನು, ವಿವರಣೆ ಸಾರ್‌ಗೆ. ಯಜಮಾನರಿಗೆ ಮನೆಯಲ್ಲಿ ಸಾಸಿವೆ ಡಬ್ಬಿ ಯಾವ ಕಡೆಯಿದೆ ಎಂಬುದೂ ಗೊತ್ತಿಲ್ಲ. ಪಿತ್ತ ನೆತ್ತಿಗೇರಿ ಅಂಗಡಿಯಿಂದ ಎದ್ದು ಬಂದೆ.

ಅಷ್ಟರಲ್ಲಿ ವಿಷಯ ಗೂಳೂರಿಗೂ ಮುಟ್ಟಿತ್ತು. ಅಲ್ಲಿಗೆ ಕೊಟ್ಟಿರುವ ನಾದಿನಿ ಅತ್ತೆಗೆ ಫೋನ್ ಮಾಡಿದಾಗ ಅತ್ತೆ ಸ್ಪೀಕರ್ ಹಾಕಿಕೊಂಡೇ ಮಾತಾಡುವುದು. ನಾನು ಒಗ್ಗರಣೆ ಹಾಕುತ್ತಿದ್ದೆ, ನಾದಿನಿಯ ಧ್ವನಿ ಅಡುಗೆಮನೆಗೇ ಬಂತು. "ಅತ್ತಿಗೆಗೆ ಒಲೆ ಮುಂದೆ ನಿಲ್ಲಕ್ಕೆ ಬೇಜಾರಾಗೈತೆ ಬುಡವ್ವ. ಸಂಬಳ ಬತ್ತದಲ್ಲ, ಏನ್ ಬೇಕಾದ್ರೂ ತಗೋಬೋದು." ಅತ್ತೆ "ಹೂಂ" ಎಂದರು. ಆ "ಹೂಂ" ಯಾವ ಕಡೆಗೆ ಸೇರಿದ್ದು ಎಂದು ನನಗೆ ತಿಳಿಯಲಿಲ್ಲ, ಕೇಳುವ ತಾಳ್ಮೆಯೂ ಇರಲಿಲ್ಲ. ಕರಿಬೇವನ್ನು ಎಣ್ಣೆಗೆ ಎಸೆದೆ.

ಕೊಂಡು ತಂದಮೇಲೆ ಅದು ಕೆಲಸಕ್ಕೆ ಬಾರದೆ ಹೋದರೆ ಜನ್ಮಪೂರ್ತಿ ಆಡಿಕೊಳ್ಳುತ್ತಾರೆಂಬ ಭಯ ನನಗೂ ಇತ್ತು. ಆಗ ನೆನಪಾದವಳು ನನ್ನ ಗೆಳತಿ. ಮೊದಲು ಗುಬ್ಬಿಯಲ್ಲಿ ನನ್ನ ಜೊತೆಗಿದ್ದು ಈಗ ಕುಣಿಗಲ್‌ಗೆ ವರ್ಗವಾಗಿರುವ ಟೀಚರು. ಅವಳ ಮಗಳು ಒಂದು ಸ್ಲೋ ಕುಕ್ಕರ್ ಕಳಿಸಿದ್ದಾಳೆಂದು ಯಾವಾಗಲೋ ಹೇಳಿದ್ದಳು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಕುಣಿಗಲ್‌ಗೆ ಹೋದೆ. ಅದು ಅವಳ ಅಡುಗೆಮನೆಯ ಅಟ್ಟದ ಮೇಲೆ, ಡಬ್ಬದೊಳಗೆ, ಥರ್ಮಕೋಲಿನ ಮಧ್ಯೆ ಇನ್ನೂ ಬೆಚ್ಚಗೆ ಮಲಗಿತ್ತು.

"ಒಂದ್ಸಲವೂ ಹಚ್ಚಿಲ್ವೇನೇ?" ಎಂದೆ.

"ಇವರಿಗೆ ಕುಕ್ಕರ್ ಕೂಗದೆ ಇದ್ರೆ ಅಡುಗೆ ಶುರುವಾಯ್ತು ಅಂತಾನೇ ಅನ್ಸಲ್ಲ ಕಣೇ. ತಗೊಂಡೋಗು. ನೋಡಿ ವಾಪಸ್ ತಂದ್ಕೊಡು, ಚೆನ್ನಾಗಿದ್ರೆ ನಾನೂ ಹಚ್ತೀನಿ" ಎಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಬಸ್ಸು ಗೂಳೂರಿನಲ್ಲಿ ನಿಂತಾಗ, ನಾದಿನಿಯ ಪೈಕಿಯವರು ಯಾರಾದರೂ ಹತ್ತಿಯಾರೆಂದು ಡಬ್ಬದ ಮೇಲೆ ಸೆರಗು ಮುಚ್ಚಿ ತಲೆ ತಗ್ಗಿಸಿದೆ. ಬಸ್ಸು ಹೊರಟಮೇಲೆ ಮೈಯೆಲ್ಲ ಉರಿಯಿತು. ಇಪ್ಪತ್ತೆಂಟು ವರ್ಷದ ಸರ್ವೀಸು, ಮನೆಯಲ್ಲಿ ಎರಡನೆಯ ಸಂಬಳ ನನ್ನದು. ಒಂದು ಪಾತ್ರೆಯನ್ನು ಕದ್ದ ಮಾಲಿನ ಹಾಗೆ ಬಚ್ಚಿಟ್ಟುಕೊಂಡು ಬರುತ್ತಿದ್ದೇನಲ್ಲ!

ಸೋಮವಾರ ಬೆಳಿಗ್ಗೆ ಐದಕ್ಕೆ ಎದ್ದೆ. ರಾತ್ರಿ ನೆನೆಸಿಟ್ಟ ಹುರುಳಿಕಾಳು, ಹುರಿದು ರುಬ್ಬಿದ ಈರುಳ್ಳಿ, ಕಾಯಿ, ಬೆಳ್ಳುಳ್ಳಿ, ಎರಡು ಚಮಚ ಸಾರಿನ ಪುಡಿ, ನಾಲ್ಕು ಬದನೆಕಾಯಿ. ಎಲ್ಲವನ್ನೂ ಹಾಕಿ, ಕುದಿಯುವ ನೀರು ಸುರಿದು, ಗಾಜಿನ ಮುಚ್ಚಳ ಮುಚ್ಚಿ, ಗುಂಡಿಯನ್ನು 'ಹೈ'ಗೆ ತಿರುಗಿಸಿ ಏಳೂವರೆಗೆ ಮನೆ ಬಿಟ್ಟೆ. "ಇದನ್ನ ಮುಟ್ಟಬೇಡಿ ಅತ್ತೆ, ಅದರಷ್ಟಕ್ಕೆ ಅದು ಆಗುತ್ತೆ" ಎಂದು ಹೇಳಿದ್ದೆ. ಶಾಲೆಯಲ್ಲಿ ದಿನವಿಡೀ ಅದೇ ಯೋಚನೆ. ಹತ್ತನೆಯ ತರಗತಿಗೆ ವರ್ಗಸಮೀಕರಣ ಹೇಳುವಾಗಲೂ ಈಗ ಕಾಳು ಒಡೆದಿರಬೇಕು ಎಂದುಕೊಳ್ಳುತ್ತಿದ್ದೆ. ಮೊದಲ ದಿನ ನನಗೂ ಪೂರ್ತಿ ನಂಬಿಕೆಯಿರಲಿಲ್ಲ. ಕ್ಲಿನಿಕ್ಕಿಗೆ ಹೋಗದೆ ನೇರ ಮನೆಗೆ ಬಂದೆ.

ಮುಚ್ಚಳ ತೆಗೆದರೆ ಸಾರು! ಕಾಳು ಬೆಣ್ಣೆಯ ಹಾಗೆ ಬೆಂದಿತ್ತು. ಬೆರಳಲ್ಲಿ ಒತ್ತಿ ನೋಡಿದೆ, ಬಾಯಿಗೆ ಹಾಕಿಕೊಂಡೆ. ಖುಷಿಗೆ ಯಜಮಾನರನ್ನೂ ಕರೆದು ತೋರಿಸಿದೆ. ಅದೇ ಉತ್ಸಾಹದಲ್ಲಿ ಮುದ್ದೆಗೆ ಎಸರಿಟ್ಟು, ಹಿಟ್ಟು ಹಾಕಿ, ಹಲ್ಲು ಕಚ್ಚಿಕೊಂಡು ತಿರುವಿ ಇಳಿಸಿದೆ. ಎಲ್ಲರಿಗೂ ಬಡಿಸಲೆಂದು ತಟ್ಟೆ ತೆಗೆಯಲು ಕೈ ಹಾಕಿದಾಗ ತಟ್ಟೆಗಳ ಪಕ್ಕ ಕಂಡದ್ದು ಹಳೇ ಕುಕ್ಕರಿನ ವಿಷಲ್ಲು, ಇನ್ನೂ ಒದ್ದೆ. ಅದರ ಪಕ್ಕ ರಬ್ಬರು ಬಳೆ, ಅದೂ ಒದ್ದೆ. ಬೆಳಿಗ್ಗೆ ನಾನು ಕುಕ್ಕರನ್ನು ಮುಟ್ಟಿಯೇ ಇರಲಿಲ್ಲ.

"ಅತ್ತೆ, ಕುಕ್ಕರ್ ಇಟ್ಟಿದ್ರಾ ಇವತ್ತು?"

ಅತ್ತೆ ಸೀರೆ ನೆರಿಗೆ ಸರಿಮಾಡಿಕೊಂಡರು. "ಏನ್ ಮಾಡ್ಲವ್ವ, ಅದು ಕೂಗಂಗಿಲ್ಲ, ಕುದಿಯಂಗಿಲ್ಲ. ಬೆಂದೈತೋ ಇಲ್ವೋ ಹೆಂಗೆ ಗೊತ್ತಾಗ್ಬೇಕು? ಗಳಿಗೆಗೊಂದ್ಸಲ ಮುಚ್ಚಳ ತೆಗ್ದು ನೋಡ್ದೆ. ಹನ್ನೊಂದು ಗಂಟೆಗೂ ಕಾಳು ಕಲ್ಲಿದ್ದಂಗೇ ಐತೆ. ನೀನು ಆಸೆ ಇಟ್ಕೊಂಡು ಬತ್ತೀಯ, ಬೇಜಾರು ಮಾಡ್ಕೊತೀಯ ಅಂತ ಕುಕ್ಕರ್‌ಗಾಕಿ ನಾಲ್ಕು ಕೂಗು ಕೂಗಿಸ್ದೆ. ಆಮ್ಯಾಕೆ ಅದ್ರೊಳಕ್ಕೇ ಸುರಿದಿಟ್ಟೆ."

ಆ ಪಾತ್ರೆಯ ಮುಚ್ಚಳ ಒಂದು ಸಲ ತೆಗೆದರೆ ಹೋದ ಶಾಖ ಮತ್ತೆ ಏರಲು ಅರ್ಧ ಗಂಟೆ ಬೇಕು. ಗಳಿಗೆಗೊಂದು ಸಲ ತೆಗೆದರೆ ಅದು ಬೇಯುವುದೆಲ್ಲಿಂದ! ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡಿದ್ಯಾ? ಕೊನೆಗೆ ನಮ್ ಕುಕ್ಕರೇ ಬೇಕಾಯ್ತು." ನನಗೆ ಅತ್ತೆಯ ಮೇಲೆ ಬಂದ ಸಿಟ್ಟಿಗಿಂತ ಆ ನಗುವಿನ ಮೇಲೆ ಬಂದ ಸಿಟ್ಟೇ ಜಾಸ್ತಿ. ಅತ್ತೆಯಾದರೂ ಆ ಮಂಡಿ ಇಟ್ಟುಕೊಂಡು, ನನಗೆ ಬೇಜಾರಾಗಬಾರದೆಂದು ಅಷ್ಟು ಕೆಲಸ ಮಾಡಿದ್ದರು. ನಗುವವರು ಐದೂವರೆಗೇ ಮನೆಗೆ ಬಂದು ಟಿ.ವಿ. ಮುಂದೆ ಕೂತಿದ್ದರು.

ಮಂಗಳವಾರ ಅದೇ ಕಾಳು, ಅದೇ ಮಸಾಲೆ. ಈ ಸಲ ಪ್ರಶ್ನೆಪತ್ರಿಕೆಯ ಕಟ್ಟಿಗೆ ಮಾಡುವ ಹಾಗೆ ಮುಚ್ಚಳದ ಎರಡೂ ಕಡೆ ಕಾಗದದ ಚೀಟಿ ಅಂಟಿಸಿ ನನ್ನ ಸಹಿ ಹಾಕಿದೆ. ಅತ್ತೆ ನೋಡುತ್ತಲೇ ಇದ್ದರು. "ನನ್ ಮ್ಯಾಲೆ ಅಷ್ಟೂ ನಂಬಿಕೆ ಇಲ್ವೇನವ್ವ?" ಎಂದರು.

"ನಂಬಿಕೆ ಇದೆ ಅತ್ತೆ. ನಿಮ್ಮ ಕೈ ಮೇಲಿಲ್ಲ ಅಷ್ಟೇ" ಎಂದೆ. ಅವರಿಗೆ ನಗು ಬಂತು, ತೋರಿಸಿಕೊಳ್ಳಲಿಲ್ಲ.

ಅವತ್ತು ಗುಬ್ಬಿಯಿಂದ ಬಂದವಳು ಮನೆಯ ಕಡೆ ತಿರುಗದೆ ಸೀದಾ ಕ್ಲಿನಿಕ್ಕಿಗೆ ಹೋದೆ. ಒಂದೂವರೆ ಗಂಟೆ. ಹೆಗಲಿಗೆ ಶಾಖ ಕೊಟ್ಟರು, ಕಂಬಕ್ಕೆ ಕಟ್ಟಿದ ಹಗ್ಗ ಹಿಡಿಸಿ ಎಳೆಸಿದರು, ಗೋಡೆಯ ಮೇಲೆ ಬೆರಳಲ್ಲಿ ಇರುವೆ ಹತ್ತಿದ ಹಾಗೆ ಹತ್ತಿಸಿದರು. ಕಣ್ಣಲ್ಲಿ ನೀರು ಬಂತು. ಆದರೂ ಹೊರಬರುವಾಗ ಕೈ ಒಂದು ಗೇಣು ಮೇಲಕ್ಕೆ ಹೋಗುತ್ತಿತ್ತು. "ಇದೇ ಥರ ಬನ್ನಿ. ಆದರೆ ಕೈಗೆ ಬಲವಾದ ಕೆಲಸ ಮಾತ್ರ ಕೊಡಬೇಡಿ" ಎಂದರು. ಆಗಲಿ ಎಂದೆ. ದಾರಿಯುದ್ದಕ್ಕೂ ಗೆದ್ದವಳ ಹಾಗೆ ನಡೆದೆ.

ಮೆಟ್ಟಿಲು ಹತ್ತುವಾಗಲೇ ಘಮ. ಒಳಗೆ ಹೋದೆ. ಚೀಟಿ ಹರಿದಿತ್ತು, ಆದರೆ ಅದನ್ನು ಹರಿದದ್ದು ಆರೂ ಮುಕ್ಕಾಲಿಗಂತೆ, ಸಾರು ಆದಮೇಲೆ. ಮೂವರೂ ರುಚಿ ನೋಡಿಯಾಗಿತ್ತು. ಯಜಮಾನರು ಲೋಟದಲ್ಲಿ ಸಾರು ಬಗ್ಗಿಸಿಕೊಂಡು ಕಾಫಿಯ ಹಾಗೆ ಕುಡಿಯುತ್ತಿದ್ದರು. "ಪರವಾಗಿಲ್ಲ ಕಣೇ, ಚೆನ್ನಾಗೇ ಮಾಡೈತೆ" ಎಂದರು. ಮಗ ಆಗ ತಾನೇ ಜಿಮ್ಮಿನಿಂದ ಬಂದಿದ್ದ. ದಿನಾ ಸಂಜೆ ಅಲ್ಲಿ ಕಬ್ಬಿಣ ಎತ್ತಿ ಇಳಿಸಿ ಬರುತ್ತಾನೆ, ತೋಳುಗಳು ಅಂಗಿಯಲ್ಲಿ ಹಿಡಿಸುವುದಿಲ್ಲ. ಅವನು ಸೋಫಾದಲ್ಲಿ ಒರಗಿ, "ಅಮ್ಮ, ಸಾರು ಸೂಪರ್. ಹೊಟ್ಟೆ ಹಸೀತಿದೆ, ಬೇಗ ಮುದ್ದೆ ಮಾಡಮ್ಮ" ಎಂದ.

ನಾನು ಬ್ಯಾಗನ್ನು ಹೆಗಲಿನಿಂದ ಇಳಿಸಿರಲಿಲ್ಲ.

ಅಡುಗೆಮನೆಗೆ ಹೋಗಿ ನೋಡಿದೆ. ಎಸರಿಗೆ ಒಂದು ಲೋಟ ನೀರೂ ಇಟ್ಟಿರಲಿಲ್ಲ. ಮುದ್ದೆ ಪಾತ್ರೆ ಬೋರಲು ಬಿದ್ದ ಹಾಗೇ ಇತ್ತು. ಕೋಲು ಮೊಳೆಗೆ ನೇತಾಡುತ್ತಿತ್ತು.

ಮೊದಲು ನನಗೆ ಸಿಟ್ಟು ಬಂದದ್ದು ನನ್ನ ಮೇಲೆಯೇ. ಮೂರು ವಾರ ಆ ಪಾತ್ರೆಯ ಬಗ್ಗೆ ಹಗಲೂ ಇರುಳೂ ತಲೆ ಕೆಡಿಸಿಕೊಂಡೆನಲ್ಲ, ಒಂದು ಸಲವಾದರೂ ಮುದ್ದೆಯ ನೆನಪು ಬಂತೇ? ಇಲ್ಲ. ಮುದ್ದೆ ಬೆಳಿಗ್ಗೆ ಮಾಡಿಟ್ಟು ಸಂಜೆ ತಿನ್ನುವ ವಸ್ತುವಲ್ಲ. ಅದನ್ನು ಆಗಿಂದಾಗ್ಗೆ ತಿರುವಬೇಕು, ಬಿಸಿಯಲ್ಲೇ ಕಟ್ಟಬೇಕು, ಬಿಸಿಯಲ್ಲೇ ಉಣ್ಣಬೇಕು. ನಾಲ್ಕು ಜನಕ್ಕೆ ಮುದ್ದೆ ತಿರುವುವುದೆಂದರೆ ಪಾತ್ರೆಯನ್ನು ಇಕ್ಕಳದಲ್ಲಿ ಒತ್ತಿ ಹಿಡಿದು, ಬಲ ಹೆಗಲಿನ ಪೂರ್ತಿ ಬಲ ಬಿಟ್ಟು ಕೋಲು ಆಡಿಸಬೇಕು. ಅಷ್ಟು ದೊಡ್ಡ ಕೆಲಸ ನನ್ನ ಪಟ್ಟಿಯಲ್ಲೇ ಇರಲಿಲ್ಲ. ನನಗೇ ಅದು ಕೆಲಸವಾಗಿ ಕಂಡಿರಲಿಲ್ಲವೆಂದಮೇಲೆ ಇವರಿಗೆ ಹೇಗೆ ಕಂಡೀತು!

ಮದುವೆಯಾದ ಮೂರನೆಯ ದಿನ, ಆಗ ಕುಣಿಗಲ್ ಕಡೆಯ ಊರಿನಲ್ಲಿದ್ದ ಮನೆಯಲ್ಲಿ, ಅತ್ತೆ ನೆಂಟರೆಲ್ಲರ ಎದುರು ಆ ಕೋಲನ್ನು ನನ್ನ ಕೈಗೆ ಕೊಟ್ಟಿದ್ದರು. "ಇನ್ಮೇಲೆ ಈ ಮನೆ ಮುದ್ದೆ ನಿಂದು ಕಣವ್ವ" ಎಂದಿದ್ದರು. ಎಲ್ಲರೂ ನೋಡುತ್ತಿದ್ದರು. ನಾನು ಒಂದೂ ಗಂಟಿಲ್ಲದ ಹಾಗೆ ತಿರುವಿ ಇಳಿಸಿದಾಗ ಹೊಗಳಿದ್ದೇ ಹೊಗಳಿದ್ದು. ತವರು ನಿಟ್ಟೂರಿಗೆ ಹೋದಾಗ ಅದನ್ನು ಊರೆಲ್ಲ ಹೇಳಿಕೊಂಡು ಮೆರೆದಿದ್ದೆ. ಬಂದು ಮೂರು ದಿನಕ್ಕೇ ಕೋಲು ಕೈಗೆ ಕೊಟ್ಟರೆಂದರೆ ನನ್ನ ಮೇಲೆ ಎಷ್ಟು ಅಭಿಮಾನವಿರಬೇಕು ಎಂದು. ಇಪ್ಪತ್ತಾರು ವರ್ಷ ಆ ಅಭಿಮಾನವನ್ನು ದಿನಾ ಸಂಜೆ ತಿರುವಿದೆ.

ನಡುಮನೆಗೆ ವಾಪಸ್ ಬಂದು ಹೇಳಿದೆ. "ಇವತ್ತು ನಾನು ಮುದ್ದೆ ಮಾಡಲ್ಲ. ಕೈಗೆ ಬಲದ ಕೆಲಸ ಕೊಡಬೇಡಿ ಅಂದಿದಾರೆ."

"ಮತ್ತೆ ಊಟಕ್ಕೆ?" ಎಂದರು ಯಜಮಾನರು.

"ಮಧ್ಯಾಹ್ನದ ಅನ್ನ ಇದೆ. ಮುದ್ದೆ ಬೇಕಾದವರು ತಿರುವಿಕೊಳ್ಳಿ."

ಮಗ ಫೋನಿನಿಂದ ತಲೆಯೆತ್ತಿದ. ಅವನಿಗೆ ನಿಜವಾಗಿಯೂ ಸಹಾಯ ಮಾಡುವ ಮನಸ್ಸೇ. "ಅಮ್ಮ, ಬೇಜಾರ್ ಮಾಡ್ಕೋಬೇಡ. ಮುದ್ದೆ ತಿರುವೋ ಮಷಿನ್ನೂ ಬಂದಿದೆ ಆನ್‌ಲೈನ್‌ನಲ್ಲಿ. ಆರ್ಡರ್ ಮಾಡ್ಲಾ?"

ಅವನ ತೋಳುಗಳನ್ನು ನೋಡಿದೆ. ಎರಡು ಮಷಿನ್ನು ನನ್ನ ಎದುರಿಗೇ ಸೋಫಾದ ಮೇಲೆ ಮಲಗಿದ್ದವು. ನಾನು ಕೂಗಾಡಿದ್ದು ಆಗ. ಟಿ.ವಿ.ಯಿಂದ ಶುರುಮಾಡಿ, ಬೈಕಿನ ನಿಂಬೆಹಣ್ಣು ಹಾದು, ಅಂಗಡಿಯವನ ಸಾರ್, ನಾದಿನಿಯ ಸ್ಪೀಕರ್ ಫೋನು, ನಾಲ್ಕು ಕೂಗಿನ ನಗು, ಒಂದನ್ನೂ ಬಿಡಲಿಲ್ಲ. "ಆ ಪಾತ್ರೆಗೆ ಇರೋ ಬುದ್ಧಿ ನಿಮಗಿಲ್ಲ! ನಾನು ಮನೇಲಿ ಇಲ್ದಾಗ ನನಗೋಸ್ಕರ ಕೆಲಸ ಮಾಡಿದ್ದು ಇವತ್ತು ಅದೊಂದೇ!" ಎಂದೆ. ಕೆಳಗಿನ ಮನೆಯವರ ಟಿ.ವಿ. ಸದ್ದು ಕಡಿಮೆಯಾಯಿತು, ಕೇಳಿಸಿಕೊಳ್ಳಲಿಕ್ಕೆ. ಕೇಳಿಸಿಕೊಳ್ಳಲಿ ಎಂದೇ ಇನ್ನಷ್ಟು ಜೋರಾಗಿ ಹೇಳಿದೆ.

ಅತ್ತೆ ಗೋಡೆ ಹಿಡಿದುಕೊಂಡು ಮೇಲೆದ್ದರು. ಒಂದೊಂದೇ ಹೆಜ್ಜೆ ಇಡುತ್ತಾ ಅಡುಗೆಮನೆಗೆ ಹೊರಟರು. ನನ್ನ ರಕ್ತ ಇನ್ನೂ ಕುದಿಯಿತು. ಈಗ ಈ ಮುದುಕಿ ಹೋಗಿ ಮುದ್ದೆ ತಿರುವುತ್ತದೆ, ನಾಳೆ ಗೂಳೂರಿನವರೆಗೂ ಸುದ್ದಿ ಹೋಗುತ್ತದೆ, ಮಂಡಿ ನೋವಿನ ಅತ್ತೆಯ ಕೈಲಿ ಸೊಸೆ ಮುದ್ದೆ ಮಾಡಿಸಿದಳೆಂದು. ನೀರು ಬಗ್ಗಿಸುವ ಸದ್ದು, ಲೈಟರಿನ ಸದ್ದು ಕೇಳಿತು. ಆಮೇಲೆ ಅತ್ತೆಯ ಧ್ವನಿ.

"ಏನ್ಲಾ, ಬಾರ್ಲಾ ಇಲ್ಲಿ! ದಿನಾ ಹೋಗಿ ಕಬ್ಬಿಣ ಎತ್ತಿ ಬತ್ತೀಯಲ್ಲ, ಬಂದು ಈ ಕೋಲು ಎತ್ತು."

ಮಗ ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ, ಎದ್ದು ಹೋದ. ನಾನು ಅನ್ನ, ಸಾರು ಹಾಕಿಕೊಂಡು ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತೆ. ಅತ್ತೆ ಸ್ಟೂಲಿನ ಮೇಲೆ ಕೂತು ಹೇಳಿಕೊಡುತ್ತಿದ್ದರು. ಹಿಟ್ಟು ಒಟ್ಟಿಗೆ ಹಾಕು, ಈಗ್ಲೇ ಮುಟ್ಬ್ಯಾಡ, ಕುದೀಲಿ, ಈಗ ಕೋಲಾಕು, ಒತ್ತಿ ತಿರುವ್ಲಾ, ಜಿಮ್ಮಲ್ಲಿ ಹಿಂಗೇನಾ ಮಾಡಾದು? ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. "ಅಜ್ಜಿ, ಇದು ಡೆಡ್‌ಲಿಫ್ಟ್‌ಗಿಂತ ಕಷ್ಟ" ಎಂದ.

ಅತ್ತೆ ನನ್ನ ಕಡೆ ತಿರುಗದೆ, ಒಲೆಯನ್ನೇ ನೋಡುತ್ತಾ ಹೇಳಿದರು. "ನಂಗೂ ಹಿಂಗೇ ಹಿಡ್ಕಂಡಿತ್ತು. ನೀನು ಈ ಮನೆಗೆ ಬರೋದ್ಕೆ ಮುಂಚೆ. ತಲೆ ಬಾಚ್ಕಳಕ್ಕೂ ಕೈ ಎತ್ತಕ್ಕಾಗ್ತಿರ್ಲಿಲ್ಲ."

"ಯಾರಿಗೂ ಹೇಳಲಿಲ್ವಾ ಅತ್ತೆ?"

"ಹೇಳ್ದೆ. ನಂಗಿನ್ನು ಮುದ್ದೆ ತಿರುವಕ್ಕಾಗಲ್ಲ, ಮಗನಿಗೆ ಮದ್ವೆ ಮಾಡಿ ಅಂದೆ. ಮಾಡಿದ್ರು."

ತಟ್ಟೆಯನ್ನು ಕಟ್ಟೆಯ ಮೇಲಿಟ್ಟೆ. ಇದನ್ನು ಕೇಳಿ ನನಗೆ ಅವರ ಮೇಲೆ ಅಯ್ಯೋ ಅನ್ನಿಸಬೇಕಿತ್ತು. ಆಮೇಲೆ ಅನ್ನಿಸಿತು ಕೂಡ. ಆದರೆ ಆ ಕ್ಷಣಕ್ಕೆ ಬಂದದ್ದು ಬರೀ ಸಿಟ್ಟು. ನಾನು ಅಭಿಮಾನವೆಂದುಕೊಂಡಿದ್ದು ಒಂದು ಹಿಡಿದುಕೊಂಡ ಹೆಗಲು. ನನ್ನ ಹೆಗಲಿಗೆ ನಾನು ಸ್ಲೋ ಕುಕ್ಕರ್ ಕೇಳಿದೆ, ಅವರ ಹೆಗಲಿಗೆ ಅವರು ಸೊಸೆ ಕೇಳಿದ್ದರು. ಆಗಲೂ ಆ ಮನೆಯಲ್ಲಿ ಗಟ್ಟಿಮುಟ್ಟಾದ ಗಂಡಸರು ನಾಲ್ಕು ಜನ ಇದ್ದರು. ಅವರಲ್ಲಿ ಒಬ್ಬರು ಈಗ ನಡುಮನೆಯಲ್ಲಿ ಲೋಟ ಹಿಡಿದು ಕೂತಿದ್ದರು. ಅವರ ಕೈಗೆ ಕೋಲು ಕೊಡಬಹುದೆಂದು ಯಾರ ತಲೆಗೂ ಹೊಳೆದಿರಲಿಲ್ಲ. ನನ್ನ ತಲೆಗೂ ಇಪ್ಪತ್ತಾರು ವರ್ಷ ಹೊಳೆಯಲಿಲ್ಲ.

ಅವತ್ತಿನ ಮುದ್ದೆಯ ತುಂಬ ಗಂಟು. ಒಂದೊಂದು ಗಂಟು ಒಡೆದರೆ ಒಳಗೆ ಒಣ ಹಿಟ್ಟು. ಅತ್ತೆ ಗಂಟನ್ನು ಬೆರಳಲ್ಲಿ ಹಿಸುಕಿ, ಸಾರಿಗೆ ಅದ್ದಿ ನುಂಗಿದರು. ಯಜಮಾನರು ಮೂಗು ಮುರಿಯಲು ಹೋಗಿ ಅತ್ತೆಯ ಮುಖ ನೋಡಿ ಸುಮ್ಮನಾದರು. "ನಾಳೆ ನೀನು ಎಸರಿಡು. ಐದೂವರೆಗೆ ಬತ್ತೀಯಲ್ಲ" ಎಂದರು ಅತ್ತೆ ಅವರಿಗೆ. ಅವರು ತಲೆ ಆಡಿಸಿದರು.

ಮುಂದಿನ ಭಾನುವಾರ ಪಾತ್ರೆಯನ್ನು ತೊಳೆದು, ಅದೇ ಡಬ್ಬಕ್ಕೆ ಹಾಕಿ ಕುಣಿಗಲ್‌ಗೆ ತೆಗೆದುಕೊಂಡು ಹೋದೆ. ಗೂಳೂರು ದಾಟುವಾಗ ಸೆರಗು ಮುಚ್ಚಲಿಲ್ಲ. "ಹೆಂಗಿದೆಯೇ? ಹಚ್ಚಬೋದಾ?" ಎಂದಳು ಗೆಳತಿ.

ಇದ್ದದ್ದು ಇದ್ದ ಹಾಗೆ ಹೇಳಿದೆ. ಹುರುಳಿ, ಕಡಲೆ, ಅವರೆಯಂಥ ಗಟ್ಟಿ ಕಾಳಿಗೆ ಬಹಳ ಚೆನ್ನಾಗಿದೆ. ಸೊಪ್ಪು ಹಾಕಿದರೆ ಹಾಳು. ರುಬ್ಬುವ ಕೆಲಸವೇನೂ ತಪ್ಪುವುದಿಲ್ಲ, ಸಂಜೆಯದು ಬೆಳಿಗ್ಗೆಗೆ ಹೋಗುತ್ತದೆ ಅಷ್ಟೇ. ಮನೆಯಲ್ಲಿ ಮುಚ್ಚಳ ತೆಗೆಯುವವರಿದ್ದರೆ ಚೀಟಿ ಅಂಟಿಸಬೇಕು. "ಆದರೆ ಮೊದಲು ಮುದ್ದೆ ಯಾರು ತಿರುವುತ್ತಾರೆ ಅಂತ ತೀರ್ಮಾನ ಮಾಡ್ಕೊಂಡು ಆಮೇಲೆ ಡಬ್ಬದಿಂದ ಆಚೆ ತೆಗಿ" ಎಂದೆ. ಅವಳು ಡಬ್ಬವನ್ನು ನೋಡಿದಳು, ಒಳಗೆ ಪೇಪರ್ ಓದುತ್ತಿದ್ದ ಗಂಡನನ್ನು ನೋಡಿದಳು. ಮತ್ತೆ ಅಟ್ಟಕ್ಕೇ ಇಟ್ಟಳು.

ನಾನು ನನ್ನದನ್ನು ಕೊಂಡದ್ದು ಇನ್ನೊಂದು ತಿಂಗಳ ಮೇಲೆ, ಕ್ಲಿನಿಕ್ಕಿನ ಕೊನೆಯ ದಿನ. ಅಲ್ಲಿಯವರೆಗೆ ನಾನು ರುಬ್ಬಿಟ್ಟು ಹೋದದ್ದನ್ನು ಅತ್ತೆ ಹಳೇ ಕುಕ್ಕರಿನಲ್ಲಿ ಕೂಗಿಸಿದರು. ಯಾರನ್ನೂ ಕೇಳಲಿಲ್ಲ. ಯಜಮಾನರು ನೋಡುವಷ್ಟರಲ್ಲಿ ಅದು ಅಡುಗೆಮನೆಯ ಕಟ್ಟೆಯ ಮೇಲೆ ಕೂತಿತ್ತು. ನನ್ನ ಕೈ ಈಗ ಬೋರ್ಡಿನ ಮೇಲಂಚಿಗೆ ನಾಲ್ಕು ಬೆರಳಿನಷ್ಟು ಕೆಳಗಿನವರೆಗೆ ಹೋಗುತ್ತದೆ. ಹಿಂದಿನ ಬೆಂಚಿಗೆ ಕಾಣುತ್ತದೆ.

ಮೊನ್ನೆ ಗೂಳೂರಿನಿಂದ ನಾದಿನಿ ಫೋನ್ ಮಾಡಿದ್ದಳು. ನಮ್ಮ ಮಗನಿಗೆ ಒಂದು ಸಂಬಂಧ ನೋಡಿದ್ದಾಳಂತೆ, ಹುಡುಗಿ ಗುಬ್ಬಿ ಕಡೆಯವಳು, ಬ್ಯಾಂಕಿನಲ್ಲಿ ಕೆಲಸ. ಅತ್ತೆ ಎಂದಿನ ಹಾಗೆ ಸ್ಪೀಕರ್ ಹಾಕಿಕೊಂಡಿದ್ದರು. ಒಳಗೆ ಮಗ ಎಸರಿಗೆ ಹಿಟ್ಟು ಹಾಕಿ ಕಾಯುತ್ತಿದ್ದ.

"ಎಲ್ಲಾ ವಿಚಾರಿಸಿದೀನಿ ಕಣವ್ವ. ಹುಡ್ಗಿಗೆ ಮುದ್ದೆ ತಿರುವಕ್ಕೆ ಬತ್ತದಾ ಅಂತ್ಲೂ ಕೇಳ್ದೆ. ಬರಲ್ವಂತೆ. ಏನ್ ಹೇಳ್ಲಿ ಅವರಿಗೆ?"

ಅತ್ತೆ ಫೋನನ್ನು ಬಾಯಿಯ ಹತ್ತಿರಕ್ಕೆ ತಂದುಕೊಂಡರು.

"ನಮ್ ಹುಡುಗನಿಗೆ ಬತ್ತದೆ ಅಂತೇಳು. ಇನ್ನೂ ವಸಿ ಗಂಟಾಯ್ತದೆ, ಅದನ್ನೂ ಹೇಳ್ಬುಡು."